ಅರೋನಿಯನ್–ಆನಂದ್ ಪಂದ್ಯ (ವೈಕ್ ಆನ್ ಜೀ, 2013) ಮತ್ತು ಮೆರಾನ್ ಓಪನಿಂಗ್

2013ರ ಜನವರಿ 15ರಂದು ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ, ಟಾಟಾ ಸ್ಟೀಲ್ ಚೆಸ್ ಟೂರ್ನಿಯ ನಾಲ್ಕನೇ ಸುತ್ತಿನಲ್ಲಿ ಲೆವೊನ್ ಅರೋನಿಯನ್ ಮತ್ತು ವಿಶ್ವನಾಥನ್ ಆನಂದ್ ನಡುವೆ ನಡೆದ ಪಂದ್ಯ. ಬಿಳಿ ಕಾಯಿ ಅರ್ಮೇನಿಯದ ಅರೋನಿಯನ್ ಅವರದು, ಕಪ್ಪು ಕಾಯಿ ಆಗಿನ ವಿಶ್ವ ಚಾಂಪಿಯನ್ ಆನಂದ್ ಅವರದು. ಸೆಮಿ-ಸ್ಲಾವ್ ಡಿಫೆನ್ಸ್‌ನ ಮೆರಾನ್ ಕವಲಿನಲ್ಲಿ ಸಾಗಿದ ಈ ಆಟ 23 ನಡೆಗಳಲ್ಲಿ ಕಪ್ಪಿನ ಗೆಲುವಿನೊಂದಿಗೆ ಮುಗಿಯಿತು. ಜಗತ್ತಿನ ಅಗ್ರ ಆಟಗಾರರಲ್ಲಿ ಒಬ್ಬರನ್ನು, ಅದೂ ಕಪ್ಪು ಕಾಯಿ ಹಿಡಿದು, ಇಷ್ಟು ಬೇಗ ಸೋಲಿಸುವುದು ಅಪರೂಪ. ಆನಂದ್ ಅವರ ವೃತ್ತಿಜೀವನದ ಅತ್ಯುತ್ತಮ ಆಟಗಳ ಸಾಲಿನಲ್ಲಿ ಇದನ್ನು ಸೇರಿಸುತ್ತಾರೆ. 'ಆನಂದ್ ಅವರ ಅಮರ ಪಂದ್ಯ' ಎಂದೇ ಕರೆಯುವವರೂ ಇದ್ದಾರೆ. ಮನೆಯಲ್ಲಿ ಮಾಡಿಕೊಂಡ ಓಪನಿಂಗ್ ಸಿದ್ಧತೆ ಮತ್ತು ಹಳೆಯ ಪಂದ್ಯಗಳ ನೆನಪು ಒಂದೇ ಮಣೆಯ ಮೇಲೆ ಕೂಡಿ ಕೆಲಸ ಮಾಡಿದ್ದಕ್ಕೆ ಈ ಆಟ ಒಳ್ಳೆಯ ನಿದರ್ಶನ.

ಟೂರ್ನಿ

ವೈಕ್ ಆನ್ ಜೀ ಉತ್ತರ ಸಮುದ್ರದ ದಂಡೆಯ ಪುಟ್ಟ ಊರು. ಅದರ ಪಕ್ಕದ ಐಮೌಡನ್‌ನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ಈ ಕಾರ್ಖಾನೆಯ ಆಸರೆಯಲ್ಲಿ 1938ರಲ್ಲಿ ಬೆವರ್‌ವೈಕ್‌ನಲ್ಲಿ ಶುರುವಾದ ಟೂರ್ನಿ 1968ರಲ್ಲಿ ವೈಕ್ ಆನ್ ಜೀಗೆ ಬಂತು. ಕಾರ್ಖಾನೆಯ ಒಡೆತನ ಬದಲಾದಂತೆ ಟೂರ್ನಿಯ ಹೆಸರೂ ಬದಲಾಯಿತು: ಮೊದಲು ಹೂಗೊವನ್ಸ್, 2000ದಿಂದ ಕೋರಸ್. 2007ರಲ್ಲಿ ಟಾಟಾ ಸಂಸ್ಥೆ ಕೋರಸ್ ಕಂಪನಿಯನ್ನು ಕೊಂಡಿತು. 2011ರಿಂದ ಟೂರ್ನಿ ಟಾಟಾ ಸ್ಟೀಲ್ ಹೆಸರಿನಲ್ಲಿ ನಡೆಯುತ್ತಿದೆ. ಪ್ರತಿ ವರ್ಷ ಜನವರಿಯ ಚಳಿಯಲ್ಲಿ ನಡೆಯುವ ಈ ಟೂರ್ನಿಯಲ್ಲಿ ವಿಶ್ವದ ಅಗ್ರಗಣ್ಯರು ಒಂದು ಗುಂಪಿನಲ್ಲಿ ಆಡಿದರೆ, ಅದೇ ಹೊತ್ತಿಗೆ ನೂರಾರು ಹವ್ಯಾಸಿಗಳೂ ತಮ್ಮ ತಮ್ಮ ವಿಭಾಗಗಳಲ್ಲಿ ಆಡುತ್ತಾರೆ. ಟೂರ್ನಿಯ ಊಟದಲ್ಲಿ ಬಟಾಣಿ ಸೂಪ್ ಬಡಿಸುವುದು ಹಳೆಯ ವಾಡಿಕೆ. ಗ್ಯಾರಿ ಕಾಸ್ಪರೋವ್ 1999ರಲ್ಲಿ ವೆಸೆಲಿನ್ ತೊಪಲೊವ್ ಅವರನ್ನು ಸೋಲಿಸಿದ ಪ್ರಸಿದ್ಧ ಪಂದ್ಯ ನಡೆದದ್ದೂ ಇದೇ ಟೂರ್ನಿಯಲ್ಲಿ.

2013ರದು 75ನೇ ಆವೃತ್ತಿ. ಎ ಗುಂಪಿನಲ್ಲಿ 14 ಆಟಗಾರರು, 13 ಸುತ್ತುಗಳು. ಆನಂದ್ ಆಗಲೇ ಇಲ್ಲಿ ಒಂಟಿಯಾಗಿ ಇಲ್ಲವೇ ಹಂಚಿಕೊಂಡು ಐದು ಬಾರಿ ಪ್ರಥಮ ಸ್ಥಾನ ಪಡೆದಿದ್ದರು. ಆದರೆ ಹಿಂದಿನ ಎರಡು ವರ್ಷಗಳಲ್ಲಿ ಅವರ ಆಟದಲ್ಲಿ ಮೊನಚು ಕಡಿಮೆಯಾಗಿದೆ, ಡ್ರಾಗಳೇ ಹೆಚ್ಚಾಗಿವೆ ಎಂಬ ಮಾತು ಚೆಸ್ ವಲಯದಲ್ಲಿ ಕೇಳಿಬರುತ್ತಿತ್ತು. ಅರೋನಿಯನ್ ಆಗ 2800ಕ್ಕೂ ಹೆಚ್ಚು ರೇಟಿಂಗ್ ಇದ್ದ ಬೆರಳೆಣಿಕೆಯ ಆಟಗಾರರಲ್ಲಿ ಒಬ್ಬರು. ಸೆಮಿ-ಸ್ಲಾವ್‌ನಲ್ಲಿ ಇಬ್ಬರಿಗೂ ಹಳೆಯ ಲೆಕ್ಕವೊಂದಿತ್ತು: 2007ರ ಮೆಕ್ಸಿಕೊ ಸಿಟಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆನಂದ್ ಕಪ್ಪು ಕಾಯಿಯಲ್ಲಿ ಇದೇ ಡಿಫೆನ್ಸ್‌ನ ಇನ್ನೊಂದು ಕವಲನ್ನು ಆಡಿ ಅರೋನಿಯನ್ ಅವರನ್ನು ಮಣಿಸಿದ್ದರು.

ಓಪನಿಂಗ್: ಸ್ಲಾವ್‌ನಿಂದ ಮೆರಾನ್‌ವರೆಗೆ

ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು (ಡಿ4), ಕಪ್ಪು ಅದೇ ಉತ್ತರ ಕೊಟ್ಟಾಗ (ಡಿ5) ಬಿಳಿ ಸಿ4 ಆಡಿದರೆ ಅದು ಕ್ವೀನ್ಸ್ ಗ್ಯಾಂಬಿಟ್. ಡಿ5ರ ಕಾಲಾಳಿಗೆ ಬೆಂಬಲ ಕೊಡಲು ಕಪ್ಪಿಗೆ ಎರಡು ಮುಖ್ಯ ದಾರಿಗಳಿವೆ. ಇ6 ಆಡಿದರೆ ಅದು ಸಾಂಪ್ರದಾಯಿಕ ನಿರಾಕರಣೆ. ಸಿ6 ಆಡಿದರೆ ಸ್ಲಾವ್ ಡಿಫೆನ್ಸ್. ಎರಡನ್ನೂ ಸೇರಿಸಿ ಸಿ6 ಮತ್ತು ಇ6 ಎರಡರಲ್ಲೂ ಕಾಲಾಳು ನಿಲ್ಲಿಸಿದರೆ ಸೆಮಿ-ಸ್ಲಾವ್ ಆಗುತ್ತದೆ.

ಸೆಮಿ-ಸ್ಲಾವ್ ಗಟ್ಟಿಯಾದದ್ದು, ಆದರೆ ಅದಕ್ಕೊಂದು ಬೆಲೆಯಿದೆ. ಇ6ರ ಕಾಲಾಳು ಸಿ8ರಲ್ಲಿರುವ ಒಂಟೆಯ ದಾರಿಯನ್ನು ಮುಚ್ಚಿಬಿಡುತ್ತದೆ. ಆ ಒಂಟೆ ಮೂಲೆಗುಂಪಾಗಿಯೇ ಉಳಿದರೆ ಕಪ್ಪು ಒಂದು ಕಾಯಿ ಕಡಿಮೆ ಇಟ್ಟುಕೊಂಡು ಆಡಿದಂತೆ. ಈ ಒಂಟೆಯನ್ನು ಹೊರತರುವುದು ಹೇಗೆ ಎಂಬುದೇ ಸೆಮಿ-ಸ್ಲಾವ್‌ನ ಮೂಲಪ್ರಶ್ನೆ. ಮೆರಾನ್ ಆ ಪ್ರಶ್ನೆಗೆ ಸಿಕ್ಕ ಉತ್ತರ.

ಉಪಾಯ ಹೀಗಿದೆ. ಬಿಳಿ ತನ್ನ ಒಂಟೆಯನ್ನು ಡಿ3ಕ್ಕೆ ತರುವವರೆಗೆ ಕಪ್ಪು ಕಾಯುತ್ತದೆ. ಒಂಟೆ ಅಲ್ಲಿಗೆ ಬಂದ ಕೂಡಲೇ ಡಿ5ರ ಕಾಲಾಳಿನಿಂದ ಸಿ4ನ್ನು ಹೊಡೆಯುತ್ತದೆ. ಬಿಳಿ ಆ ಒಂಟೆಯಿಂದಲೇ ತಿರುಗಿ ಹೊಡೆಯಬೇಕಾದ್ದರಿಂದ ಒಂದು ನಡೆ ವ್ಯರ್ಥವಾಗುತ್ತದೆ. ಈಗ ಕಪ್ಪು ಬಿ5 ಆಡಿ ಒಂಟೆಯನ್ನು ಓಡಿಸುತ್ತದೆ, ತನ್ನ ಒಂಟೆಯನ್ನು ಬಿ7ಕ್ಕೆ ತರುತ್ತದೆ, ಮುಂದೆ ಸಮಯ ನೋಡಿ ಸಿ6ರ ಕಾಲಾಳನ್ನು ಸಿ5ಕ್ಕೆ ತಳ್ಳುತ್ತದೆ. ಸಿ5 ನಡೆಯೊಂದಿಗೆ ಬಿ7ರ ಒಂಟೆಗೆ ಎ8ರಿಂದ ಎಚ್1ರವರೆಗಿನ ಉದ್ದ ಕರ್ಣ ತೆರೆದುಕೊಳ್ಳುತ್ತದೆ. ಮುಚ್ಚಿದ ಮೂಲೆಯಲ್ಲಿದ್ದ ಕಾಯಿ ನೇರವಾಗಿ ಬಿಳಿ ರಾಜನ ಕೋಟೆಯನ್ನು ದಿಟ್ಟಿಸತೊಡಗುತ್ತದೆ.

ಈ ಕವಲಿಗೆ ಹೆಸರು ಬಂದದ್ದು 1924ರಲ್ಲಿ ಮೆರಾನ್‌ನಲ್ಲಿ ನಡೆದ ಟೂರ್ನಿಯಿಂದ. ಆಲ್ಪ್ಸ್ ತಪ್ಪಲಿನ ಈ ಊರು ಮೊದಲನೇ ಮಹಾಯುದ್ಧದವರೆಗೆ ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯದಲ್ಲಿತ್ತು, ಬಳಿಕ ಇಟಲಿಗೆ ಸೇರಿತು. ಆ ಟೂರ್ನಿಯಲ್ಲಿ ಅಕಿಬಾ ರೂಬಿನ್‌ಸ್ಟೈನ್ ಕಪ್ಪು ಕಾಯಿ ಹಿಡಿದು ಈ ಪದ್ಧತಿಯಿಂದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅವರನ್ನು ಸೋಲಿಸಿದರು. ಗ್ರುನ್‌ಫೆಲ್ಡ್ ಟೂರ್ನಿ ಗೆದ್ದರೂ ಓಪನಿಂಗಿನ ಚರಿತ್ರೆಯಲ್ಲಿ ಉಳಿದದ್ದು ಅವರು ಸೋತ ಆ ಆಟ. ಇದೇ ಊರಿನಲ್ಲಿ 1981ರಲ್ಲಿ ಅನತೊಲಿ ಕಾರ್ಪೊವ್ ಮತ್ತು ವಿಕ್ಟರ್ ಕೊರ್ಚ್‌ನಾಯ್ ನಡುವೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಾವಳಿಯೂ ನಡೆಯಿತು.

ಬಿಳಿಯ ಒಂಟೆ ಡಿ3ಕ್ಕೆ ಮರಳಿದ ಮೇಲೆ ಕಪ್ಪಿಗೆ ಮೂರು ಮುಖ್ಯ ದಾರಿಗಳಿವೆ. ಎ6 ಆಡುವುದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಜಟಿಲವಾದುದು. ಒಂಟೆಯನ್ನು ಬಿ7ಕ್ಕೆ ತರುವುದು ಎರಡನೆಯದು. ಇನ್ನೊಂದು ಒಂಟೆಯನ್ನು ಡಿ6ಕ್ಕೆ ತಂದು ಮೊದಲು ಕ್ಯಾಸ್ಲಿಂಗ್ ಮುಗಿಸಿಕೊಳ್ಳುವುದು ಮೂರನೆಯದು. 2008ರಲ್ಲಿ ಬಾನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆನಂದ್ ಮೊದಲನೆಯ ದಾರಿ ಹಿಡಿದು, 14ನೇ ನಡೆಯಲ್ಲಿ ಒಂಟೆಯನ್ನು ಬಿ7ಕ್ಕೆ ತಂದು ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು ಚಕಿತಗೊಳಿಸಿದ್ದರು. ಮೂರನೇ ಮತ್ತು ಐದನೇ ಆಟಗಳಲ್ಲಿ ಕಪ್ಪು ಕಾಯಿಯಲ್ಲಿ ಗೆದ್ದು, ಕೊನೆಗೆ 6.5–4.5 ಅಂತರದಲ್ಲಿ ಪಟ್ಟ ಉಳಿಸಿಕೊಂಡರು. ವೈಕ್ ಆನ್ ಜೀಯಲ್ಲಿ ಅವರು ಆಯ್ದುಕೊಂಡದ್ದು ಮೂರನೆಯ ದಾರಿ.

ಕಪ್ಪಿನ ಈ ಯೋಜನೆ ಬೇಡವೆನ್ನುವ ಬಿಳಿ ಆಟಗಾರರು ಆರನೇ ನಡೆಯಲ್ಲಿ ಒಂಟೆಯನ್ನು ಕದಲಿಸದೆ ರಾಣಿಯನ್ನು ಸಿ2ಕ್ಕೆ ತರುತ್ತಾರೆ. ಇದಕ್ಕೆ ಆಂಟಿ-ಮೆರಾನ್ ಎಂದು ಹೆಸರು. ಐದನೇ ನಡೆಯಲ್ಲೇ ಒಂಟೆಯನ್ನು ಜಿ5ಕ್ಕೆ ತಂದರೆ ಆಟ ಬೊಟ್ವಿನ್ನಿಕ್ ಅಥವಾ ಮಾಸ್ಕೊ ಕವಲುಗಳ ಕಡೆ ಹೊರಳುತ್ತದೆ.

ಆಟದ ನಡೆಗಳು

ಇಲ್ಲಿ ಮಣೆಯ ಎಡದಿಂದ ಬಲಕ್ಕೆ ಸಾಲುಗಳ ಹೆಸರು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. 'ಕು' ಎಂದರೆ ಕುದುರೆ, 'ಒಂ' ಎಂದರೆ ಒಂಟೆ, 'ಆ' ಎಂದರೆ ಆನೆ. ಮನೆಯ ಹೆಸರಷ್ಟೇ ಇದ್ದರೆ ಅದು ಕಾಲಾಳಿನ ನಡೆ. × ಎಂದರೆ ಹೊಡೆತ, + ಎಂದರೆ ಚೆಕ್.

1. ಡಿ4 ಡಿ5
2. ಸಿ4 ಸಿ6
3. ಕು-ಎಫ್3 ಕು-ಎಫ್6
4. ಕು-ಸಿ3 ಇ6
5. ಇ3 ಕು(ಬಿ)-ಡಿ7
6. ಒಂ-ಡಿ3 ಡಿ×ಸಿ4
7. ಒಂ×ಸಿ4 ಬಿ5
8. ಒಂ-ಡಿ3 ಒಂ-ಡಿ6
9. ಕ್ಯಾಸ್ಲಿಂಗ್, ಕ್ಯಾಸ್ಲಿಂಗ್ (ಎರಡೂ ರಾಜನ ಬದಿಯಲ್ಲಿ)
10. ರಾಣಿ-ಸಿ2 ಒಂ-ಬಿ7
11. ಎ3 ಆ-ಸಿ8
12. ಕು-ಜಿ5 ಸಿ5
13. ಕು×ಎಚ್7 ಕು-ಜಿ4
14. ಎಫ್4 ಸಿ×ಡಿ4
15. ಇ×ಡಿ4 ಒಂ-ಸಿ5
16. ಒಂ-ಇ2 ಕು(ಡಿ)-ಇ5
17. ಒಂ×ಜಿ4 ಒಂ×ಡಿ4+
18. ರಾಜ-ಎಚ್1 ಕು×ಜಿ4
19. ಕು×ಎಫ್8 ಎಫ್5
20. ಕು-ಜಿ6 ರಾಣಿ-ಎಫ್6
21. ಎಚ್3 ರಾಣಿ×ಜಿ6
22. ರಾಣಿ-ಇ2 ರಾಣಿ-ಎಚ್5
23. ರಾಣಿ-ಡಿ3 ಒಂ-ಇ3

ಬಿಳಿ ಸೋಲೊಪ್ಪಿತು.

ವಿಶ್ಲೇಷಣೆ

ಮೊದಲ ಹನ್ನೊಂದು ನಡೆಗಳಲ್ಲಿ ಕಪ್ಪು ತನ್ನ ಕಾಯಿಗಳನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡಿದೆ. ಸಿ5 ನಡೆಯೊಂದು ಬಾಕಿ. ಅದನ್ನು ಆಡುವ ಮುನ್ನವೇ ಅರೋನಿಯನ್ 12ನೇ ನಡೆಯಲ್ಲಿ ಕುದುರೆಯನ್ನು ಜಿ5ಕ್ಕೆ ಹಾರಿಸಿದರು. ಡಿ3ರ ಒಂಟೆ ಮತ್ತು ಸಿ2ರ ರಾಣಿ ಒಂದೇ ಕರ್ಣದಲ್ಲಿ ನಿಂತು ಆಗಲೇ ಎಚ್7ರ ಕಾಲಾಳಿನ ಮೇಲೆ ಕಣ್ಣಿಟ್ಟಿವೆ. ಈಗ ಕುದುರೆಯೂ ಅದೇ ಕಾಲಾಳಿಗೆ ಗುರಿಯಿಟ್ಟಿತು. ಇಂಥಲ್ಲಿ ಯಾರಾದರೂ ಕಾಲಾಳನ್ನು ಕಾಪಾಡಿಕೊಳ್ಳುವ ದಾರಿ ಹುಡುಕುತ್ತಾರೆ. ಆನಂದ್ ಅದನ್ನು ಬಿಟ್ಟುಕೊಟ್ಟು ಸಿ5 ಆಡಿದರು. ಒಂದು ಕಾಲಾಳು ಹೋದರೇನಂತೆ, ಬಿ7ರ ಒಂಟೆಗೂ ಸಿ8ರ ಆನೆಗೂ ದಾರಿ ತೆರೆಯಬೇಕು ಎಂಬುದು ಇದರ ಹಿಂದಿನ ಎಣಿಕೆ.

13ನೇ ನಡೆಯಲ್ಲಿ ಎಚ್7ರ ಕಾಲಾಳನ್ನು ಹೊಡೆದ ಕುದುರೆ ಎಫ್8ರ ಆನೆಯ ಮೇಲೂ ಬಾಯಿ ಹಾಕಿದೆ. ಆನಂದ್ ಆನೆಯನ್ನು ಸರಿಸುವ ಗೋಜಿಗೆ ಹೋಗದೆ ಕುದುರೆಯನ್ನು ಜಿ4ಕ್ಕೆ ತಂದರು. ಈ ಕುದುರೆ ಮತ್ತು ಡಿ6ರ ಒಂಟೆ ಎರಡೂ ಈಗ ಎಚ್2ನ್ನು ಗುರಿಯಿಟ್ಟಿವೆ, ರಾಣಿ ಎಚ್4ಕ್ಕೆ ಬರಲು ಸಿದ್ಧವಾಗಿದೆ. ಬಿಳಿ ಆಸೆಪಟ್ಟು ಆನೆಯನ್ನು ಹೊಡೆದರೆ ಎಚ್2ರಲ್ಲಿ ಚೆಕ್ ಕೊಟ್ಟು ಕಪ್ಪು ರಾಜನ ಮೇಲೇರಿ ಹೋಗುತ್ತದೆ. ಹೀಗಾಗಿ ಅರೋನಿಯನ್ ಎಫ್4 ಆಡಿ ಒಂಟೆಯ ದಾರಿಯನ್ನು ಕಟ್ಟಿದರು.

ಕಟ್ಟಿದ್ದು ಒಂದು ದಾರಿ, ತೆರೆದದ್ದು ಇನ್ನೊಂದು. ಎಫ್2 ಖಾಲಿಯಾದ್ದರಿಂದ, ಮತ್ತು ಮರುನಡೆಯಲ್ಲಿ ಇ3ರ ಕಾಲಾಳೂ ಡಿ4ಕ್ಕೆ ಸರಿದದ್ದರಿಂದ, ಜಿ1ರಲ್ಲಿ ನಿಂತ ರಾಜನ ಕಡೆಗೆ ಸಿ5ರಿಂದ ಬರುವ ಕರ್ಣದಲ್ಲಿ ಡಿ4ರ ಕಾಲಾಳೊಂದೇ ಅಡ್ಡವಾಗಿ ಉಳಿಯಿತು. 15ನೇ ನಡೆಯಲ್ಲಿ ಆನಂದ್ ತಮ್ಮ ಒಂಟೆಯನ್ನು ನೇರವಾಗಿ ಆ ಕಾಲಾಳಿನ ಬಾಯಿಗೆ, ಸಿ5ಕ್ಕೆ ಇಟ್ಟರು. ಡಿ4ರ ಕಾಲಾಳು ಒಂಟೆಯನ್ನು ನುಂಗಬಹುದು. ಆದರೆ ಕಪ್ಪು ಕುದುರೆ ಸಿ5ರಲ್ಲಿ ತಿರುಗಿ ಹೊಡೆದಾಗ ಡಿ3ರ ಒಂಟೆಯ ಮೇಲೆ ದಾಳಿಯಾಗುತ್ತದೆ, ಖಾಲಿಯಾದ ಡಿ4ರಲ್ಲಿ ರಾಣಿ ಬಂದು ಚೆಕ್ ಕೊಡುವ ಬೆದರಿಕೆಯೂ ಎದುರಾಗುತ್ತದೆ. ಅರೋನಿಯನ್ ಒಂಟೆಯನ್ನು ಇ2ಕ್ಕೆ ಹಿಂದೆಳೆದು ಜಿ4ರ ಕುದುರೆಯ ಮೇಲೆ ಬಿದ್ದರು.

ಉತ್ತರವಾಗಿ ಬಂದದ್ದು ಆಟದ ಅತ್ಯಂತ ಸುಂದರ ನಡೆ: ಡಿ7ರ ಕುದುರೆ ಇ5ಕ್ಕೆ. ಈ ಗಳಿಗೆಯಲ್ಲಿ ಕಪ್ಪಿನ ನಾಲ್ಕು ಕಾಯಿಗಳು ಏಕಕಾಲಕ್ಕೆ ಹೊಡೆತಕ್ಕೆ ತೆರೆದಿವೆ. ಇ5ರ ಕುದುರೆಯನ್ನು ಎಫ್4ರ ಕಾಲಾಳು, ಜಿ4ರ ಕುದುರೆಯನ್ನು ಇ2ರ ಒಂಟೆ, ಸಿ5ರ ಒಂಟೆಯನ್ನು ಡಿ4ರ ಕಾಲಾಳು, ಎಫ್8ರ ಆನೆಯನ್ನು ಎಚ್7ರ ಕುದುರೆ ಹೊಡೆಯಬಹುದು. ಎಫ್4ರ ಕಾಲಾಳಿನಿಂದ ಇ5ನ್ನು ಹೊಡೆದರೆ ಏನಾಗುತ್ತದೆ ನೋಡೋಣ. ಕಪ್ಪು ರಾಣಿ ಡಿ4ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ, ರಾಜ ಎಚ್1ಕ್ಕೆ ಸರಿಯುತ್ತಾನೆ. ಆಗ ರಾಣಿ ಜಿ1ಕ್ಕೆ ಹೋಗಿ ತನ್ನನ್ನೇ ಬಲಿ ಕೊಟ್ಟುಕೊಳ್ಳುತ್ತದೆ. ಸಿ5ರ ಒಂಟೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಆನೆಯೇ ಹೊಡೆಯಬೇಕು. ಹೊಡೆದ ಕೂಡಲೇ ಕುದುರೆ ಎಫ್2ಕ್ಕೆ ಹಾರುತ್ತದೆ, ಚೆಕ್‌ಮೇಟ್. ರಾಜನ ಸುತ್ತ ಅವನದೇ ಆನೆ, ಅವನದೇ ಕಾಲಾಳುಗಳು. ಉಸಿರಾಡಲು ಒಂದು ಮನೆಯೂ ಇಲ್ಲ. ಎಫ್2ರ ಕುದುರೆಯನ್ನು ಹೊಡೆಯಬಹುದಾಗಿದ್ದ ಸಿ2ರ ರಾಣಿಗೆ ಅಡ್ಡಲಾಗಿ ನಿಂತದ್ದು ಬಿಳಿಯದೇ ಇ2ರ ಒಂಟೆ. ಆತ್ಮರಕ್ಷಣೆಗೆಂದು ಹಿಂದೆಳೆದ ಕಾಯಿಯೇ ರಾಜನಿಗೆ ಉರುಳಾಗುವ ಲೆಕ್ಕವಿದು.

ಅರೋನಿಯನ್ ಇದನ್ನು ಕಂಡು ಜಿ4ರ ಕುದುರೆಯನ್ನು ಒಂಟೆಯಿಂದ ಹೊಡೆದರು. ಆನಂದ್ ತಕ್ಷಣ ತಿರುಗಿ ಹೊಡೆಯದೆ ಮೊದಲು ಡಿ4ರಲ್ಲಿ ಒಂಟೆಯಿಂದ ಚೆಕ್ ಕೊಟ್ಟು ರಾಜನನ್ನು ಮೂಲೆಗೆ ಅಟ್ಟಿ, ಆಮೇಲೆ ಜಿ4ನ್ನು ವಶಪಡಿಸಿಕೊಂಡರು. 19ನೇ ನಡೆಯಲ್ಲಿ ಬಿಳಿ ಕುದುರೆ ಕೊನೆಗೂ ಆನೆಯನ್ನು ಹೊಡೆಯಿತು. ಅದನ್ನು ರಾಜನಿಂದ ಹೊಡೆದರೆ ಬಿಳಿ ರಾಣಿ ಎಚ್7ಕ್ಕೆ ನುಗ್ಗುತ್ತದೆ. ಅದಕ್ಕೇ ಆನಂದ್ ಎಫ್5 ಎಂಬ ಸದ್ದಿಲ್ಲದ ಕಾಲಾಳು ನಡೆ ಆಡಿದರು: ರಾಣಿಯ ಕರ್ಣವೂ ಮುಚ್ಚಿತು, ಜಿ4ರ ಕುದುರೆಗೂ ಆಸರೆ ಸಿಕ್ಕಿತು. ಇಡೀ ಒಂದು ಆನೆ ಹಿಂದಿರುವಾಗ ಇಷ್ಟು ಸಾವಧಾನವಾದ ನಡೆ ಆಡುವುದಕ್ಕೆ ಎದೆಗಾರಿಕೆ ಬೇಕು. ಮುಂದಿನ ಎರಡು ನಡೆಗಳಲ್ಲಿ ದಾರಿತಪ್ಪಿದ ಬಿಳಿ ಕುದುರೆ ಜಿ6ರಲ್ಲಿ ಸಿಕ್ಕಿಬಿತ್ತು.

ಕೊನೆಯ ಸ್ಥಿತಿ

ಬಿಳಿ ಸೋಲೊಪ್ಪಿದಾಗ ಕಾಯಿಗಳ ಲೆಕ್ಕದಲ್ಲಿ ಅದೇ ಮುಂದಿತ್ತು. ಕಾಲಾಳುಗಳು ಎರಡೂ ಕಡೆ ಐದೈದು. ಆದರೆ ಬಿಳಿಯ ಬಳಿ ಎರಡು ಆನೆ, ಒಂದು ಒಂಟೆ, ಒಂದು ಕುದುರೆ. ಕಪ್ಪಿನ ಬಳಿ ಒಂದು ಆನೆ, ಎರಡು ಒಂಟೆ, ಒಂದು ಕುದುರೆ. ಹಾಗಿದ್ದೂ ಬಿಳಿ ಆಡುವಂತಿರಲಿಲ್ಲ. ಎಚ್3ರ ಕಾಲಾಳು ಜಿ4ರ ಕುದುರೆಯನ್ನು ಹೊಡೆಯುವಂತಿಲ್ಲ, ಏಕೆಂದರೆ ಎಚ್5ರ ರಾಣಿಯ ಎದುರು ರಾಜ ಬಯಲಾಗುತ್ತಾನೆ. ಜಿ2ರ ಕಾಲಾಳು ಕದಲುವಂತಿಲ್ಲ, ಏಕೆಂದರೆ ಬಿ7ರ ಒಂಟೆಯ ಎದುರು ರಾಜ ಬಯಲಾಗುತ್ತಾನೆ. ರಾಣಿ ಎಚ್3ನ್ನು ಹೊಡೆದು ಮೇಟ್ ಮಾಡದಂತೆ ತಡೆದಿದ್ದದ್ದು ಡಿ3ರಲ್ಲಿ ನಿಂತ ಬಿಳಿ ರಾಣಿಯ ಅಡ್ಡಸಾಲಿನ ಕಾವಲು ಮಾತ್ರ. 23ನೇ ನಡೆಯ ಒಂಟೆ ಇ3ರಲ್ಲಿ ಬಂದು ಕೂತು ಆ ಸಾಲನ್ನೇ ಕತ್ತರಿಸಿತು. ಬಿಳಿ ಒಂಟೆಯಿಂದ ಅದನ್ನು ಹೊಡೆದರೆ ಸಾಲು ಮುಚ್ಚಿಯೇ ಇರುತ್ತದೆ: ಎಚ್3ರಲ್ಲಿ ಚೆಕ್, ಜಿ2ರಲ್ಲಿ ಮೇಟ್. ರಾಣಿಯಿಂದ ಹೊಡೆದರೆ ರಾಣಿಯೇ ಹೋಗುತ್ತದೆ. ಬಿಳಿಯ ಎ1ರ ಆನೆಯೂ ಸಿ1ರ ಒಂಟೆಯೂ ಆಟ ಮುಗಿಯುವವರೆಗೆ ಇದ್ದಲ್ಲಿಂದ ಒಂದು ಹೆಜ್ಜೆಯೂ ಕದಲಿರಲಿಲ್ಲ. ಕಾಯಿ ಹೆಚ್ಚಿದ್ದೂ ಬಿಳಿ ಸೋತದ್ದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಸಿದ್ಧತೆ ಮತ್ತು ಪೂರ್ವಸ್ಮೃತಿ

ಸಿ5 ಎಂಬ ಉಪಾಯ ಆ ದಿನ ಮಣೆಯ ಮುಂದೆ ಹೊಳೆದದ್ದಲ್ಲ. 2012ರ ಮೇ ತಿಂಗಳಲ್ಲಿ ಮಾಸ್ಕೊದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿ ಬೋರಿಸ್ ಗೆಲ್ಫಂಡ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಮಾಡಿಕೊಂಡ ತಯಾರಿಯಲ್ಲಿ ಅದು ಸೇರಿತ್ತು ಎಂದು ಆನಂದ್ ತಿಳಿಸಿದರು. ಆ ಪಂದ್ಯಾವಳಿ 6–6ರಲ್ಲಿ ಸಮವಾಗಿ, ರ‍್ಯಾಪಿಡ್ ಟೈಬ್ರೇಕ್‌ನಲ್ಲಿ ಆನಂದ್ ಗೆದ್ದಿದ್ದರು. ಈ ಅಸ್ತ್ರ ಅಲ್ಲಿ ಬಳಕೆಯಾಗದೆ ಉಳಿದಿತ್ತು. ಉನ್ನತ ಮಟ್ಟದ ಚೆಸ್‌ನಲ್ಲಿ ಇದು ಸಾಮಾನ್ಯ. ಒಬ್ಬ ಎದುರಾಳಿಗೆಂದು ಸಹಾಯಕರೊಂದಿಗೆ ಕೂತು, ಕಂಪ್ಯೂಟರ್ ಇಟ್ಟುಕೊಂಡು ಸಿದ್ಧಪಡಿಸಿದ ನಡೆ ಇನ್ನೊಬ್ಬರ ಮೇಲೆ ಪ್ರಯೋಗವಾಗುತ್ತದೆ. ಎದುರಾಳಿ ಯಾವ ದಾರಿ ಹಿಡಿಯುತ್ತಾನೆಂದು ಮೊದಲೇ ತಿಳಿಯದಿರುವುದರಿಂದ, ನೆನಪಿನಲ್ಲಿದ್ದ ವಿಶ್ಲೇಷಣೆಯನ್ನು ಗಡಿಯಾರ ಓಡುತ್ತಿರುವಾಗಲೇ ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ.

ಚೆಸ್ ಓದಿಕೊಂಡವರಿಗೆ ಈ ಆಟ ತಕ್ಷಣ ನೆನಪಿಸಿದ್ದು 1907ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ಗ್ಯೋರ್ಗ್ ರೊಟ್ಲೆವಿ ಮತ್ತು ರೂಬಿನ್‌ಸ್ಟೈನ್ ನಡುವೆ ನಡೆದ ಪಂದ್ಯವನ್ನು. ಆನಂದ್ ಕೂಡ ಅದನ್ನು ನೆನೆದರು. ಅಲ್ಲೂ ಕಪ್ಪು ಕಾಯಿ ರೂಬಿನ್‌ಸ್ಟೈನ್ ಅವರದು, ಅಲ್ಲೂ ಬಿಳಿ ಎಫ್4 ಆಡಿ ತನ್ನ ರಾಜನ ಕರ್ಣವನ್ನು ಬಡವಾಗಿಸಿತ್ತು. ಕಪ್ಪಿನ ಒಂದು ಒಂಟೆ ಬಿ6ರಿಂದ ಜಿ1ರತ್ತ, ಇನ್ನೊಂದು ಬಿ7ರಿಂದ ಎಚ್1ರತ್ತ ಗುರಿಯಿಟ್ಟಿದ್ದವು; ಜಿ4ರಲ್ಲಿ ಕುದುರೆ, ಸಿ8ರಲ್ಲಿ ಆನೆ. ರೂಬಿನ್‌ಸ್ಟೈನ್ ರಾಣಿಯನ್ನೇ ಬಲಿ ಕೊಟ್ಟು 25 ನಡೆಗಳಲ್ಲಿ ಗೆದ್ದರು. ಓಪನಿಂಗ್ ಬೇರೆ, ನಡೆಗಳ ಕ್ರಮ ಬೇರೆ. ದಾಳಿಯ ಚೌಕಟ್ಟು ಮಾತ್ರ ಒಂದೇ. ಮೆರಾನ್ ಕವಲಿಗೆ ಜನ್ಮ ಕೊಟ್ಟ ಆಟಗಾರನೇ ಅದರ ಅತಿ ಸುಂದರ ದಾಳಿಯ ಮಾದರಿಯನ್ನೂ ಹದಿನೇಳು ವರ್ಷ ಮೊದಲೇ ತೋರಿಸಿಕೊಟ್ಟಿದ್ದ. ಕಂಪ್ಯೂಟರ್ ಯುಗದ ಚೆಸ್‌ನಲ್ಲಿ ನಡೆಗಳನ್ನು ಯಂತ್ರ ಪರೀಕ್ಷಿಸುತ್ತದೆ, ನಿಜ. ಆದರೆ ಯಾವ ಸ್ಥಿತಿಯಲ್ಲಿ ಏನನ್ನು ಹುಡುಕಬೇಕು ಎಂಬ ತಿಳಿವಳಿಕೆ ಬರುವುದು ಹೀಗೆ ಹಳೆಯ ಆಟಗಳನ್ನು ಮನಸ್ಸಿಗಿಳಿಸಿಕೊಂಡಾಗಲೇ.

ನಂತರ

2013ರ ಟೂರ್ನಿಯನ್ನು ಮ್ಯಾಗ್ನಸ್ ಕಾರ್ಲ್‌ಸನ್ 13ರಲ್ಲಿ 10 ಅಂಕ ಗಳಿಸಿ ಗೆದ್ದರು. 1999ರಲ್ಲಿ ಕಾಸ್ಪರೋವ್ ಮಾಡಿದ್ದ ದಾಖಲೆಗೆ ಇದು ಸಮ. ಆನಂದ್ ಎದುರಿನ ಸೋಲಿನಿಂದ ಚೇತರಿಸಿಕೊಂಡ ಅರೋನಿಯನ್ 8.5 ಅಂಕಗಳೊಂದಿಗೆ ಎರಡನೆಯವರಾದರು. ಆನಂದ್ ಮತ್ತು ಸರ್ಗೆಯ್ ಕರ್ಯಾಕಿನ್ ತಲಾ 8 ಅಂಕ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ಆನಂದ್ ತಮ್ಮ ಊರಾದ ಚೆನ್ನೈನಲ್ಲೇ ಕಾರ್ಲ್‌ಸನ್‌ಗೆ ವಿಶ್ವ ಪಟ್ಟವನ್ನು ಒಪ್ಪಿಸಬೇಕಾಯಿತು. 2014ರ ಮಾರ್ಚಿನಲ್ಲಿ ರಷ್ಯಾದ ಖಾಂತಿ-ಮಾನ್ಸಿಸ್ಕ್‌ನಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯ ಮೊದಲ ಸುತ್ತಿನಲ್ಲಿ ಅವರಿಗೆ ಎದುರಾದವರು ಮತ್ತೆ ಅರೋನಿಯನ್. ಆನಂದ್ ಆ ಆಟವನ್ನೂ ಗೆದ್ದರು, ಒಂದೂ ಸೋಲಿಲ್ಲದೆ 14ರಲ್ಲಿ 8.5 ಅಂಕ ಗಳಿಸಿ ಟೂರ್ನಿಯಲ್ಲಿ ಪ್ರಥಮರಾಗಿ, ಕಾರ್ಲ್‌ಸನ್‌ಗೆ ಮತ್ತೊಮ್ಮೆ ಸವಾಲೊಡ್ಡುವ ಅರ್ಹತೆ ಪಡೆದರು.